ಉಸಿರೆಳೆದಾಗ ಬಾಗಿದ ಸ್ವರ

ಅಥಣಿ ಸೀಮೆಯಲ್ಲಿ ಭಜನೆಯಿರಲಿ, ಸಣ್ಣಾಟವಿರಲಿ, ಪೇಟಿ, ಅಂದರೆ ಹಾರ್ಮೋನಿಯಂ, ಇಲ್ಲದೆ ಹಾಡು ಏಳುವುದಿಲ್ಲ. ಇದೇ ಸೀಮೆಯ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಪಂಡಿತ ರಾಮಭಾವು ಬಿಜಾಪುರೆ ಬೆಳಗಾವಿಯಲ್ಲಿ ಕೂತು ಸಾವಿರಾರು ಜನರಿಗೆ ಹಾರ್ಮೋನಿಯಂ ಕಲಿಸಿದರು. ಪೇಟಿಯ ಒಳಗಿರುವುದು ಹಿತ್ತಾಳೆಯ ನಾಲಗೆಗಳ ಸಾಲು. ಜಾತ್ರೆಯಲ್ಲಿ ಮಾರುವ ಮೌತ್ ಆರ್ಗನ್ ಬಿಚ್ಚಿದರೂ ಸಿಗುವುದು ಅವೇ ನಾಲಗೆಗಳು, ಸಣ್ಣ ಗಾತ್ರದಲ್ಲಿ. ಪೇಟಿಯಲ್ಲಿ ತಿದಿ ಗಾಳಿ ಕೊಡುತ್ತದೆ, ಇದರಲ್ಲಿ ನಮ್ಮ ಪುಪ್ಪಸ.

ಒಂದೇ ಕುಲದ ಈ ಎರಡರಲ್ಲಿ ಪೇಟಿಗೆ ಬಾರದ್ದೊಂದು ಮೌತ್ ಆರ್ಗನ್ನಿಗೆ ಬರುತ್ತದೆ: ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ತಡೆಯಿಲ್ಲದೆ ಜಾರುವುದು. ಅದು ಬಾರದು ಎಂಬುದೂ ಒಂದು ಕಾರಣವಾಗಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಮೂರು ದಶಕ ಆ ಬಾಗಿಲು ತೆರೆಯಲಿಲ್ಲ. ಆದರೆ ಮೌತ್ ಆರ್ಗನ್ನಿನಿಂದ ಮೀಂಡ್ ಹೊರಡುತ್ತದೆಂದು ಅದನ್ನು ಮಾಡಿದವರಿಗೂ ಅಂದಾಜಿರಲಿಲ್ಲ.

ಜರ್ಮನಿಯ ಟ್ರೊಸ್ಸಿಂಗೆನ್‌ನಲ್ಲಿ ಗಡಿಯಾರದ ಕೆಲಸ ಬಲ್ಲ ಮಥಿಯಾಸ್ ಹೋನರ್ 1857ರಲ್ಲಿ ಈ ವಾದ್ಯದ ಕಾರ್ಖಾನೆ ಹಾಕಿದ. ಅವನ ಕಂಪನಿಯ ‘ಮರೀನ್ ಬ್ಯಾಂಡ್’ 1896ರಲ್ಲಿ ಬಂತು. ಹತ್ತು ತೂತು, ಪ್ರತಿ ತೂತಿನಲ್ಲಿ ಊದುವುದಕ್ಕೊಂದು ನಾಲಗೆ, ಎಳೆಯುವುದಕ್ಕೊಂದು. ಲೆಕ್ಕ ಹಾಕಿದ್ದು ಜರ್ಮನ್ ಜನಪದ ಧಾಟಿಗಳಿಗೆ. ಊದಿದರೂ ಎಳೆದರೂ ಹಿತವಾದ ಸ್ವರಮೇಳ ಬರಲೆಂದು ಕೆಳಗಿನ ಸಪ್ತಕದಲ್ಲಿ ಮ ಮತ್ತು ಧ ಎರಡನ್ನೂ ಬಿಟ್ಟೇಬಿಟ್ಟರು. ಮಕ್ಕಳು, ಸೈನಿಕರು, ರೈತರು ಊದಿ ಖುಷಿಪಡುವ ಅಗ್ಗದ ಸಾಮಾನಿಗೆ ಅಷ್ಟು ಸಾಕೆಂಬ ಎಣಿಕೆ.

ಹಡಗೇರಿ ಅಮೆರಿಕಕ್ಕೆ ಹೋದ ಆ ಸಾಮಾನು ದಕ್ಷಿಣದ ಕಪ್ಪು ಜನರ ಕೈಸೇರಿತು. ಹತ್ತಿ ಹೊಲ, ರೈಲು ಹಳಿಗಳ ನಡುವಿನ ಆ ಜನ ಕಂಡುಕೊಂಡದ್ದು ಎರಡು ಸಂಗತಿ. ಮೊದಲನೆಯದು ನಮ್ಮವರಿಗೆ ತಟ್ಟನೆ ತಿಳಿಯುವಂಥದ್ದು: ವಾದ್ಯದ ಷಡ್ಜವನ್ನು ಬಿಟ್ಟು ಪಂಚಮವನ್ನೇ ಷಡ್ಜ ಮಾಡಿಕೊಂಡರು. ಮೂರ್ಛನೆಯ ಲೆಕ್ಕದಲ್ಲಿ ಬಿಲಾವಲ್ ಹೋಗಿ ಖಮಾಜ್ ಥಾಟ್ ಆಯಿತು, ಅವರ ಬ್ಲೂಸ್ ಹಾಡಿಗೆ ಬೇಕಾದ ಕೋಮಲ ನಿಷಾದ ಕೇಳದೆಯೇ ಕೈಗೆ ಬಂತು. ಇದರಿಂದ ಮುಖ್ಯ ಸ್ವರಗಳೆಲ್ಲ ಎಳೆಯುವ ಉಸಿರಿಗೆ ಬಂದವು. ಎರಡನೆಯ ಸಂಗತಿಗೆ ದಾರಿಯಾದದ್ದೂ ಇದೇ. ಕೆಳಗಿನ ತೂತುಗಳಲ್ಲಿ ಎಳೆಯುತ್ತ ಬಾಯೊಳಗಿನ ನಾಲಗೆಯನ್ನು ಹಿಂದಕ್ಕೆ ಸರಿಸಿ, ‘ಈ’ ಎನ್ನುವ ಬಾಯನ್ನು ‘ಊ’ ಕಡೆಗೆ ತಿರುಗಿಸಿದರೆ ಸ್ವರ ಬಾಗಿ ಕೆಳಗಿಳಿಯುತ್ತದೆ. ಜರ್ಮನರು ಬಿಟ್ಟಿದ್ದ ಮ, ಧ ಎರಡೂ ಎರಡನೆಯ, ಮೂರನೆಯ ತೂತಿನಿಂದ ಹೀಗೆ ಹೊರಬಂದವು. ಹೊಸ ಷಡ್ಜದ ಲೆಕ್ಕದಲ್ಲಿ ಶುದ್ಧ ಗಾಂಧಾರಕ್ಕೂ ಕೋಮಲಕ್ಕೂ ನಡುವೆ ತೂಗಾಡುವ ಬ್ಲೂಸ್‌ನ ಆ ಗಾಂಧಾರವೂ ಸಿಕ್ಕಿತು. ಇದಕ್ಕೆ ಪೇಟೆಂಟ್ ತೆಗೆದುಕೊಂಡವರಿಲ್ಲ. ವಾದ್ಯ ಮಾಡಿದವನಿಗಿಂತ ಇವರದೇ ದೊಡ್ಡ ಶೋಧ ಎಂದು ನಾನು ಹೇಳುತ್ತೇನೆ.

1920ರ ದಶಕದ ಧ್ವನಿಮುದ್ರಿಕೆಗಳಲ್ಲಿ ಡಿಫೋರ್ಡ್ ಬೇಲಿ ಇದೇ ಕಲೆಯಿಂದ ಇಡೀ ರೈಲನ್ನೇ ಓಡಿಸಿದ. 1952ರಲ್ಲಿ ಲಿಟಲ್ ವಾಲ್ಟರ್ ಮೈಕನ್ನೂ ವಾದ್ಯವನ್ನೂ ಒಂದೇ ಹಿಡಿಯಲ್ಲಿ ಹಿಡಿದು ಆಂಪ್ಲಿಫೈಯರ್ ಮೂಲಕ ನುಡಿಸಿದ ‘ಜೂಕ್’ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು.

ಸ್ವರ ಬಾಗುವುದೇಕೆ ಎಂಬುದಕ್ಕೆ ವಿಜ್ಞಾನದ ಉತ್ತರ ಬಂದದ್ದು ತೀರ ತಡವಾಗಿ. ಆಸ್ಟ್ರೇಲಿಯಾದ ರಾಬರ್ಟ್ ಜಾನ್‌ಸ್ಟನ್ 1987ರಲ್ಲಿ ವಿವರಿಸಿದಂತೆ, ಒಂದೇ ಗೂಡಿನಲ್ಲಿರುವ ಎರಡು ನಾಲಗೆಗಳೂ ಸೇರಿ ಈ ಕೆಲಸ ಮಾಡುತ್ತವೆ. ಎಳೆಯುವ ಸ್ವರವನ್ನು ಬಗ್ಗಿಸುತ್ತ ಹೋದಂತೆ, ಸುಮ್ಮನಿದ್ದ ಊದುವ ನಾಲಗೆ ಮೆಲ್ಲಗೆ ಕಂಪನವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಎರಡರ ನಡುವೆ ಎಷ್ಟು ಅಂತರವೋ ಬಾಗುವುದಕ್ಕೆ ಅಷ್ಟು ಜಾಗ. ಪೇಟಿಯಲ್ಲಿ ನಾಲಗೆಗೆ ಇಂಥ ಜೋಡಿಯೂ ಇಲ್ಲ, ಎದುರಿಗೆ ಬಾಯಿಯೂ ಇಲ್ಲ.

ಆದ್ದರಿಂದ ಅಥಣಿ ಸೀಮೆಯ ಐಗಳಿಯಂಥ ಊರಲ್ಲಿ ಬ್ಲೂಸ್ ಮೌತ್ ಆರ್ಗನ್ ಕಮ್ಮಟ ನಡೆಸುವ ಮನಸ್ಸಿರುವ ಹುಡುಗರಿಗೆ ಎರಡು ಮಾತು. ಜಾತ್ರೆಯಲ್ಲಿ ಸಿಗುವ, ಮೇಲೊಂದು ಕೆಳಗೊಂದು ತೂತಿನ ಸಾಲಿರುವ ಟ್ರೆಮೊಲೊ ಕೊಳ್ಳಬೇಡಿ. ಅದರಲ್ಲಿ ಪ್ರತಿ ನಾಲಗೆಗೂ ಪ್ರತ್ಯೇಕ ಗೂಡು, ಎಷ್ಟು ತಿಣುಕಿದರೂ ಸ್ವರ ಇಷ್ಟು ಬಾಗದು. ಹತ್ತು ತೂತಿನ, ‘ಸಿ’ ಶ್ರುತಿಯ ವಾದ್ಯ ತನ್ನಿ. ಆಮೇಲೆ ಊರಿನ ಪೇಟಿ ಮಾಸ್ತರರನ್ನು ಕರೆದು ಪಕ್ಕದಲ್ಲಿ ಕೂಡ್ರಿಸಿಕೊಳ್ಳಿ. ಅವರು ಬಿಳಿ ಎರಡು ಒತ್ತಲಿ, ನೀವು ನಾಲ್ಕನೆಯ ತೂತು ಎಳೆಯಿರಿ, ಎರಡೂ ಒಂದೇ ಸ್ವರ. ಅವರು ಕಪ್ಪು ಒಂದಕ್ಕೆ ಇಳಿದಾಗ ನೀವು ತೂತು ಬದಲಿಸದೆ ಬಾಯೊಳಗೇ ಅಲ್ಲಿಗಿಳಿಯಬೇಕು. ಅದು ಕೂಡಿದ ಮೇಲೆಯೇ ಮೂರನೆಯ ತೂತಿಗೆ ಕೈಹಾಕಿ.