ನಿಮಿಷಕ್ಕೆ ಮೂವತ್ತೆಂಟು ಪಾಯಖಾನೆ

2014ರ ಅಕ್ಟೋಬರ್ 2ರಿಂದ 2019ರ ಅಕ್ಟೋಬರ್ 2ರವರೆಗೆ ದೇಶದ ಹಳ್ಳಿಗಳಲ್ಲಿ 10 ಕೋಟಿಗೂ ಹೆಚ್ಚು ಪಾಯಖಾನೆ ಕಟ್ಟಲಾಯಿತು ಎನ್ನುತ್ತದೆ ಸ್ವಚ್ಛ ಭಾರತ ಅಭಿಯಾನದ ಲೆಕ್ಕ. ಈ ಐದು ವರ್ಷವೆಂದರೆ 1,826 ದಿನ. ಭಾಗಿಸಿ ನೋಡಿ: ದಿನಕ್ಕೆ 54 ಸಾವಿರಕ್ಕೂ ಹೆಚ್ಚು, ತಾಸಿಗೆ 2,280, ನಿಮಿಷಕ್ಕೆ 38. ಈ ಐದು ವರ್ಷದ ನಡುವೆಯೇ, 2017ರ ಆಗಸ್ಟ್ 11ರಂದು, ಶ್ರೀ ನಾರಾಯಣ್ ಸಿಂಗ್ ನಿರ್ದೇಶನದ ‘ಟಾಯ್ಲೆಟ್: ಏಕ್ ಪ್ರೇಮ್ ಕಥಾ’ ತೆರೆ ಕಂಡಿತು. ಎರಡೂವರೆ ತಾಸಿನ ಆ ಸಿನಿಮಾದಲ್ಲಿ ಅಕ್ಷಯ್ ಕುಮಾರ್, ಭೂಮಿ ಪೆಡ್ನೇಕರ್ ಜೋಡಿ ಒಂದೇ ಒಂದು ಪಾಯಖಾನೆಗಾಗಿ ಹೆಣಗುತ್ತದೆ. ಅಷ್ಟೇ ಹೊತ್ತಿನಲ್ಲಿ, ಮೇಲಿನ ಸರಾಸರಿಯಂತೆ, ದೇಶದಲ್ಲಿ 5,700 ಪಾಯಖಾನೆ ಎದ್ದಿರಬೇಕು.

ಇಷ್ಟು ಅವಸರ ಯಾಕೆ ಬೇಕಿತ್ತು? 2011ರ ಜನಗಣತಿಯಲ್ಲಿ ಹಳ್ಳಿಗಾಡಿನ ಭಾರತದ ನೂರು ಮನೆಗಳಲ್ಲಿ 69ಕ್ಕೆ ಪಾಯಖಾನೆ ಇರಲಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 72 ಮನೆಗಳಿಗಿರಲಿಲ್ಲ. ಐಟಿ ರಾಜಧಾನಿಯ ನಾಡು ದೇಶದ ಸರಾಸರಿಗಿಂತ ಹಿಂದಿತ್ತು. ದೇಶದ ನೂರು ಮನೆಗಳಲ್ಲಿ 63ರಲ್ಲಿ ಫೋನಿತ್ತು, ಪಾಯಖಾನೆ ಇದ್ದದ್ದು 47ರಲ್ಲಿ ಮಾತ್ರ.

ಈಗ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಶಿರೋಳದಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾರಿನಂಶ ಹೆಚ್ಚಿರುವ ಊಟ ಉಣ್ಣುವ ಹಳ್ಳಿಗಳಲ್ಲಿ ಒಬ್ಬರ ಮಲ ದಿನಕ್ಕೆ ಸುಮಾರು ಕಾಲು ಕಿಲೋ. ಸಾವಿರ ಜನ ಬಯಲಕಡೆ ಹೋದರೆ ದಿನಕ್ಕೆ 250 ಕಿಲೋ, ವರ್ಷಕ್ಕೆ 91 ಟನ್. ಹಳ್ಳದ ದಂಡೆಗೆ, ಜಾಲಿಕಂಟಿಯ ಮರೆಗೆ, ಹೊಲದ ಬದುವಿಗೆ ಬಿದ್ದದ್ದು ಮಳೆ ಬಂದೊಡನೆ ನೀರಿಗಿಳಿಯುತ್ತದೆ. ಯುನಿಸೆಫ್ ವರ್ಷಗಳಿಂದ ಹೇಳುತ್ತ ಬಂದಿರುವ ಪ್ರಕಾರ ಒಂದೇ ಗ್ರಾಂ ಮಲದಲ್ಲಿ 1 ಕೋಟಿ ವೈರಾಣು, 10 ಲಕ್ಷ ಬ್ಯಾಕ್ಟೀರಿಯಾ ಇರಬಲ್ಲವು. ದೇಶವೆಲ್ಲ ಬಯಲು ಶೌಚ ಬಿಟ್ಟರೆ 2014ರಿಂದ 2019ರೊಳಗೆ ವಾಂತಿಭೇದಿ ಮತ್ತು ಅಪೌಷ್ಟಿಕತೆಯ 3 ಲಕ್ಷ ಸಾವು ತಪ್ಪುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತ್ತು.

ಕೋಟಿಗಳ ಈ ಲೆಕ್ಕವನ್ನು ಒಬ್ಬ ಹುಡುಗಿ ಒಂದಕ್ಕೆ ಇಳಿಸಿದಳು. ಗದಗದ ನೆರೆಯ ಕೊಪ್ಪಳ ಜಿಲ್ಲೆಯ 16 ವರ್ಷದ ಮಲ್ಲಮ್ಮ ಮನೆಗೊಂದು ಪಾಯಖಾನೆ ಬೇಕೆಂದು ಮನೆಯವರ ಎದುರೇ ಉಪವಾಸ ಕೂತಳು. ಗ್ರಾಮ ಪಂಚಾಯಿತಿಯ ಮೊಹಮ್ಮದ್ ಶಫಿ 18,000 ರೂಪಾಯಿ ಹೊಂದಿಸಿದರು, ಒಂದು ವಾರದಲ್ಲಿ ಪಾಯಖಾನೆ ಸಿದ್ಧವಾಯಿತು. 2016ರ ಆಗಸ್ಟ್ 28ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅವಳ ಹೆಸರು ಹೇಳಿದರು. ಕತ್ತಲಾಗುವವರೆಗೆ ಹನ್ನೆರಡು ತಾಸು ತಡೆದುಕೊಂಡಿರುವ, ಅದಕ್ಕಾಗಿಯೇ ನೀರು ಕಡಿಮೆ ಕುಡಿಯುವ ಹೆಣ್ಣುಮಕ್ಕಳ ನೋವನ್ನು ಯಾವ ಜನಗಣತಿಯೂ ಎಣಿಸಲಿಲ್ಲ. ಅವಳು ಅದನ್ನು ಎಣಿಕೆಗೆ ತಂದಳು.

ಆದರೆ ಕಟ್ಟಿದ್ದೆಲ್ಲ ಬಳಕೆಯಾಯಿತೆ? ಸಿನಿಮಾದಲ್ಲಿ ತುಳಸಿ ಪೂಜಿಸುವ ಅಂಗಳದಲ್ಲಿ ಪಾಯಖಾನೆ ಕೂಡದೆಂದು ಮಾವ ಹಟ ಹಿಡಿಯುತ್ತಾನೆ. ಆ ಹಟದ ಬೇರು ಎಲ್ಲಿದೆಯೆಂದು ಅರ್ಥಶಾಸ್ತ್ರಜ್ಞರಾದ ಡಯೇನ್ ಕಾಫಿ, ಡೀನ್ ಸ್ಪಿಯರ್ಸ್ ಮತ್ತು ಜೊತೆಗಾರರು 2014ರಲ್ಲಿ ಉತ್ತರದ ಐದು ರಾಜ್ಯಗಳ 3,200ಕ್ಕೂ ಹೆಚ್ಚು ಮನೆಗಳಲ್ಲಿ ಹುಡುಕಿದರು. ಪಾಯಖಾನೆ ಇದ್ದ ಮನೆಗಳಲ್ಲೂ ನೂರಕ್ಕೆ 40ರಲ್ಲಿ ಒಬ್ಬರಾದರೂ ಬಯಲಿಗೇ ಹೋಗುತ್ತಿದ್ದರು. ಗುಂಡಿ ತುಂಬಿದರೆ ಖಾಲಿ ಮಾಡುವವರು ಯಾರು ಎಂಬ ಅಂಜಿಕೆ ಅವರನ್ನು ಕಾಡುತ್ತಿತ್ತು. ಸುಮಾರು 50 ಘನ ಅಡಿಯ ಗುಂಡಿ ಸಾಕಾಗುವಲ್ಲಿ, ಸ್ವಂತ ದುಡ್ಡಿನಿಂದ ಕಟ್ಟಿಕೊಂಡವರು ಅದರ ಐದು ಪಟ್ಟು ತೋಡಿಸಿದ್ದರು.

ಮಲ ಹೊರುವ ಕೆಲಸವನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಿದ ಪಾಪದ ಫಲವೇ ಈ ಅಂಜಿಕೆ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ಕರ್ನಾಟಕದಲ್ಲಿ ಆ ಪದ್ಧತಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬರಲು 1993 ಆಯಿತು, ಅದೂ ಸಾಲದೆ 2013ರಲ್ಲಿ ಇನ್ನೊಂದು ಬಂತು. ಸಂಪ್ರದಾಯಕ್ಕೆ ಬೇರೆ ಮುಖವೂ ಇದೆ. ಇದೇ ಶಿರೋಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಜಾತಿಭೇದವಿಲ್ಲದೆ ಜನ ರೊಟ್ಟಿ ಉಣ್ಣುತ್ತಾರೆ.

ಗುಂಡಿ ತುಂಬುವ ಅಂಜಿಕೆಗೆ ಉತ್ತರ ಗಣಿತದಲ್ಲೇ ಇದೆ. ನೀರು ಇಂಗಿ, ಕೊಳೆತು ಕುಗ್ಗಿದ ಮೇಲೆ ಒಬ್ಬರ ಮಲ ವರ್ಷಕ್ಕೆ ಉಳಿಯುವುದು ಸುಮಾರು 45 ಲೀಟರ್. ಐವರ ಮನೆಗೆ 225 ಲೀಟರ್. 50 ಘನ ಅಡಿಯ ಗುಂಡಿ, ಅಂದರೆ 1,400 ಲೀಟರ್, ತುಂಬಲು ಆರು ವರ್ಷ ಬೇಕು. ತುಂಬಿದಾಗ ಪಕ್ಕದ ಎರಡನೇ ಗುಂಡಿಗೆ ಪೈಪು ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗೆ ಉಳಿಯುವುದು ವಾಸನೆಯಿಲ್ಲದ ಒಣ ಗೊಬ್ಬರ. ತಿಪ್ಪೆ ಗೊಬ್ಬರ ಎತ್ತುವ ರೈತನೇ ಅದನ್ನೂ ಎತ್ತಬಹುದು.

ಆದರೆ ನರಗುಂದದ ನೆಲ ಎರೆಮಣ್ಣು. ಮರಳುನೆಲದಲ್ಲಿ ಗುಂಡಿಯ ಗೋಡೆ ಚದರ ಮೀಟರಿಗೆ ದಿನಕ್ಕೆ 50 ಲೀಟರ್ ನೀರು ಇಂಗಿಸಿದರೆ ಜಿಗಟು ಮಣ್ಣಿನಲ್ಲಿ ಬರೀ 10. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ದುಂಡನೆಯ ಗುಂಡಿ ಇಲ್ಲಿ ದಿನಕ್ಕೆ 31 ಲೀಟರ್ ಮಾತ್ರ ಹೀರುತ್ತದೆ, ಐವರ ಮನೆಯಿಂದ ಬರುವುದು 47. ಗುಂಡಿಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿ ಸುತ್ತ ಮರಳು ತುಂಬದಿದ್ದರೆ ನೀರು ಮೇಲೆ ಬರುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ, ಪಾಯಖಾನೆ ಕುಳ್ಳು ಇಡುವ ಕೋಣೆಯಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಗ್ರಾಮೀಣ ಭಾರತದ ನೂರು ಮನೆಗಳಲ್ಲಿ 26ಕ್ಕೆ ಪಾಯಖಾನೆಯ ಅನುಕೂಲವಿರಲಿಲ್ಲ. ಹತ್ತು ಕೋಟಿ ಕಟ್ಟಿದ ನಾಡಿಗೆ ಇನ್ನಷ್ಟು ಇಟ್ಟಿಗೆ ಪೇರಿಸುವುದು ದೊಡ್ಡ ಮಾತಲ್ಲ. ಇನ್ನು ಮುಂದೆ ಪ್ರತಿ ಗ್ರಾಮಸಭೆಯೂ ಎಷ್ಟು ಕಟ್ಟಿದಿರಿ ಎಂದು ಕೇಳುವುದರ ಜೊತೆಗೆ ಮೂರು ಲೆಕ್ಕ ಕೇಳಲಿ: ಎಷ್ಟು ಮನೆಗೆ ಎರಡನೇ ಗುಂಡಿ ಇದೆ, ಎಷ್ಟು ಗುಂಡಿ ಈ ಮಣ್ಣಿಗೆ ತಕ್ಕಂತೆ ಇದೆ, ತುಂಬಿದ ಗುಂಡಿ ಗೊಬ್ಬರವಾದ ದಿನ ಎಷ್ಟು ಯಜಮಾನರು ತಾವೇ ಸಲಿಕೆ ಹಿಡಿದರು. ಮೂರನೆಯ ಸಂಖ್ಯೆ ಏರಿದ ಊರಿನಲ್ಲಿ ಪಾಯಖಾನೆಯ ಜೊತೆಗೆ ಅಸ್ಪೃಶ್ಯತೆಯ ಲೆಕ್ಕವೂ ಚುಕ್ತಾ ಆಗತೊಡಗುತ್ತದೆ.