ಡೀಸೆಲ್ ಪಿಕಪ್ ಟ್ರಕ್‌ನ ನಿಷ್ಕಾಸ ಕೊಳವೆಯ ಗಾತ್ರ

ಡೀಸೆಲ್ ಪಿಕಪ್ ಟ್ರಕ್‌ನ ನಿಷ್ಕಾಸ ಕೊಳವೆಯು ಎಂಜಿನ್ನಿನಲ್ಲಿ ಇಂಧನ ಉರಿದು ಉಂಟಾದ ಬಿಸಿ ಅನಿಲವನ್ನು ಟರ್ಬೋಚಾರ್ಜರ್‌ನಿಂದ ವಾಹನದ ಹಿಂಭಾಗಕ್ಕೆ ಒಯ್ಯುವ ಲೋಹದ ಕೊಳವೆ. ಶಬ್ದ ತಗ್ಗಿಸುವ ಡಬ್ಬಿಯೂ ಸೇರಿದ ಈ ಇಡೀ ಜೋಡಣೆಯನ್ನು ಕರ್ನಾಟಕದಲ್ಲಿ ಆಡುಮಾತಿನಲ್ಲಿ ಸೈಲೆನ್ಸರ್ ಎಂದೇ ಕರೆಯುವುದುಂಟು. ಕೊಳವೆಯ ಗಾತ್ರ ಎಂದಾಗ ಅದರ ಹೊರವ್ಯಾಸವೆಂದು ತಿಳಿಯಬೇಕು. ಅದನ್ನು ಇಂಚುಗಳಲ್ಲಿ ಹೇಳುವುದು ವಾಡಿಕೆ.

ಗಾತ್ರದ ಆಯ್ಕೆಯ ಪ್ರಶ್ನೆ ಹೆಚ್ಚಾಗಿ ಎದ್ದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಕಮಿನ್ಸ್ ಎಂಜಿನ್ನಿನ ರಾಮ್, ಪವರ್ ಸ್ಟ್ರೋಕ್ ಎಂಜಿನ್ನಿನ ಫೋರ್ಡ್ ಮತ್ತು ಡ್ಯುರಾಮ್ಯಾಕ್ಸ್ ಎಂಜಿನ್ನಿನ ಷೆವರ್ಲೆ ಪಿಕಪ್‌ಗಳು ಭಾರವಾದ ಟ್ರೇಲರ್‌ಗಳನ್ನು ಎಳೆಯಲು ಬಳಕೆಯಾಗುತ್ತವೆ. ಅವುಗಳ ಎಂಜಿನ್ನುಗಳು ಸುಮಾರು 6ರಿಂದ 7 ಲೀಟರ್ ಗಾತ್ರದವು. ಮೂಲ ಕೊಳವೆಯನ್ನು ತೆಗೆದು 4 ಅಥವಾ 5 ಇಂಚಿನ ಕೊಳವೆ ಹಾಕಿಸುವ ಮಾಲೀಕರು ಅಲ್ಲಿ ಬಹಳ ಮಂದಿ. ಕೊಳವೆ ದೊಡ್ಡದಾದಷ್ಟೂ ಶಕ್ತಿ ಹೆಚ್ಚುತ್ತದೆಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಒಂದು ಮಿತಿಯವರೆಗೆ ಮಾತ್ರ ನಿಜ.

ಹಿನ್ನೊತ್ತಡ ಮತ್ತು ಟರ್ಬೋಚಾರ್ಜರ್

ಅನಿಲವು ಕೊಳವೆಯ ಮೂಲಕ ಸಾಗುವಾಗ ಗೋಡೆಯ ಘರ್ಷಣೆ, ಬಾಗುಗಳು ಮತ್ತು ಸೈಲೆನ್ಸರ್ ಡಬ್ಬಿ ಅದನ್ನು ತಡೆಯುತ್ತವೆ. ಈ ತಡೆಯಿಂದ ಎಂಜಿನ್ನಿನ ಕಡೆಗೆ ಏರ್ಪಡುವ ಒತ್ತಡವೇ ಹಿನ್ನೊತ್ತಡ. ಸುಟ್ಟ ಅನಿಲವನ್ನು ಹೊರದೂಡಲು ಪಿಸ್ಟನ್ ಈ ಒತ್ತಡದ ವಿರುದ್ಧ ಕೆಲಸ ಮಾಡಬೇಕಾಗುತ್ತದೆ; ಅಷ್ಟು ಶಕ್ತಿ ಚಕ್ರಕ್ಕೆ ತಲುಪುವುದಿಲ್ಲ.

ಟರ್ಬೋಚಾರ್ಜರ್ ಇರುವ ಎಂಜಿನ್ನಿನಲ್ಲಿ ಈ ನಷ್ಟ ಇಮ್ಮಡಿಯಾಗುತ್ತದೆ. ಟರ್ಬೈನ್ ತಿರುಗುವುದು ಅದರ ಒಳಬಾಯಿ ಮತ್ತು ಹೊರಬಾಯಿಗಳ ಒತ್ತಡದ ಅನುಪಾತದಿಂದ. ಆ ಅನುಪಾತ 2 ಎಂದಿಟ್ಟುಕೊಂಡರೆ, ಹೊರಬಾಯಿಯಲ್ಲಿ 1 ಕಿಲೋಪ್ಯಾಸ್ಕಲ್ ಒತ್ತಡ ಏರಿದಾಗ ಅದೇ ಕೆಲಸಕ್ಕಾಗಿ ಒಳಬಾಯಿಯಲ್ಲಿ 2 ಕಿಲೋಪ್ಯಾಸ್ಕಲ್ ಏರಬೇಕು. ಹಿನ್ನೊತ್ತಡ ತಗ್ಗಿದರೆ ಟರ್ಬೋಚಾರ್ಜರ್ ಬೇಗ ವೇಗ ಪಡೆಯುತ್ತದೆ, ಎಂಜಿನ್ನಿಗೆ ಹೆಚ್ಚು ಗಾಳಿ ದೊರೆಯುತ್ತದೆ, ನಿಷ್ಕಾಸ ಅನಿಲದ ಉಷ್ಣತೆ ಇಳಿಯುತ್ತದೆ. ಭಾರ ಎಳೆದುಕೊಂಡು ದೀರ್ಘ ಏರನ್ನು ಹತ್ತುವ ವಾಹನಕ್ಕೆ ಶಕ್ತಿಗಿಂತಲೂ ಈ ಉಷ್ಣತೆಯ ಇಳಿಕೆಯೇ ಹೆಚ್ಚು ಉಪಯುಕ್ತ. ಅತಿಯಾದ ಶಾಖ ಅಲ್ಯೂಮಿನಿಯಂ ಪಿಸ್ಟನ್‌ಗಳನ್ನೂ ಟರ್ಬೈನನ್ನೂ ಹಾಳುಮಾಡಬಲ್ಲದು.

'ಎಂಜಿನ್ನಿಗೆ ಸ್ವಲ್ಪ ಹಿನ್ನೊತ್ತಡ ಬೇಕೇ ಬೇಕು' ಎಂಬ ಮಾತು ಪ್ರಚಲಿತವಾಗಿದೆ. ಅದರ ಮೂಲ ಟರ್ಬೋಚಾರ್ಜರ್ ಇಲ್ಲದ ಪೆಟ್ರೋಲ್ ಎಂಜಿನ್ನುಗಳಲ್ಲಿದೆ. ಅಲ್ಲಿ ಸರಿಯಾದ ಉದ್ದ ಮತ್ತು ವ್ಯಾಸದ ಕೊಳವೆಗಳು ಅನಿಲದ ಒತ್ತಡದ ಅಲೆಗಳನ್ನು ಬಳಸಿಕೊಂಡು ಸಿಲಿಂಡರನ್ನು ಬರಿದುಮಾಡಲು ನೆರವಾಗುತ್ತವೆ. ಕೊಳವೆ ತೀರ ಅಗಲವಾದರೆ ಆ ನೆರವು ತಪ್ಪುತ್ತದೆ. ಅಲ್ಲಿಯೂ ಉಪಕಾರ ಮಾಡುವುದು ಅಲೆಯೇ ಹೊರತು ಹಿನ್ನೊತ್ತಡವಲ್ಲ. ಟರ್ಬೈನ್ ದಾಟಿದ ಅನಿಲದಲ್ಲಿ ಈ ಅಲೆಗಳು ಬಹುಪಾಲು ಅಡಗಿರುವುದರಿಂದ ಡೀಸೆಲ್ ಪಿಕಪ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ವ್ಯಾಸದ ಲೆಕ್ಕ

ಕೊಳವೆಯ ಗಾತ್ರವನ್ನು ನಿರ್ಧರಿಸುವುದು ಅದರ ಮೂಲಕ ಹಾಯುವ ಅನಿಲದ ಪ್ರಮಾಣ; ವಾಹನದ ಗಾತ್ರವಲ್ಲ. ಸುಮಾರು 400 ಅಶ್ವಶಕ್ತಿ ಕೊಡುವ 6.7 ಲೀಟರ್ ಎಂಜಿನ್ ನಿಮಿಷಕ್ಕೆ 3,000 ಸುತ್ತುಗಳಲ್ಲಿ ಪೂರ್ಣ ಭಾರದಲ್ಲಿದ್ದಾಗ ಸೆಕೆಂಡಿಗೆ ಹೆಚ್ಚುಕಡಿಮೆ 0.4 ಕಿಲೋಗ್ರಾಂ ಗಾಳಿಯನ್ನು ಸೇವಿಸುತ್ತದೆ. ಇಂಧನ ಸೇರಿ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುವ ಅನಿಲದ ಗಾತ್ರ ಸೆಕೆಂಡಿಗೆ ಸುಮಾರು 900 ಲೀಟರ್. ಈ ಅನಿಲ 3 ಇಂಚಿನ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 195 ಮೀಟರ್ ವೇಗದಲ್ಲಿ, 4 ಇಂಚಿನದರಲ್ಲಿ 110 ಮೀಟರ್ ವೇಗದಲ್ಲಿ, 5 ಇಂಚಿನದರಲ್ಲಿ 70 ಮೀಟರ್ ವೇಗದಲ್ಲಿ ಹರಿಯಬೇಕಾಗುತ್ತದೆ.

ಹರಿವು ಅಷ್ಟೇ ಇದ್ದಾಗ ಒತ್ತಡದ ನಷ್ಟವು ವ್ಯಾಸದ ನಾಲ್ಕನೆಯ ಘಾತದಿಂದ ಐದನೆಯ ಘಾತದವರೆಗಿನ ಪ್ರಮಾಣದಲ್ಲಿ ಇಳಿಯುತ್ತದೆ. ಬಾಗುಗಳಲ್ಲಿನ ನಷ್ಟಕ್ಕೆ ನಾಲ್ಕನೆಯ ಘಾತ, ನೇರ ಕೊಳವೆಯ ಘರ್ಷಣೆಗೆ ಐದನೆಯ ಘಾತ ಸರಿಹೊಂದುತ್ತದೆ. ಕೆಲವೇ ಬಾಗುಗಳಿರುವ 4 ಮೀಟರ್ ಉದ್ದದ ಕೊಳವೆಗೆ, ಸೈಲೆನ್ಸರ್ ಡಬ್ಬಿಯನ್ನು ಬಿಟ್ಟು, ಮೇಲಿನ ಹರಿವಿನಲ್ಲಿ ಸ್ಥೂಲವಾಗಿ ಲೆಕ್ಕಹಾಕಿದರೆ ನಷ್ಟವು 3 ಇಂಚಿಗೆ 18, 4 ಇಂಚಿಗೆ 5, 5 ಇಂಚಿಗೆ 2 ಕಿಲೋಪ್ಯಾಸ್ಕಲ್ ಎಂದು ಬರುತ್ತದೆ. ಮೂರರಿಂದ ನಾಲ್ಕಕ್ಕೆ ಹೋದಾಗ 13 ಕಿಲೋಪ್ಯಾಸ್ಕಲ್ ಉಳಿತಾಯ. ನಾಲ್ಕರಿಂದ ಐದಕ್ಕೆ ಹೋದಾಗ ಕೇವಲ 3. ಟರ್ಬೈನಿನ ಅನುಪಾತವನ್ನೂ ಸೇರಿಸಿಕೊಂಡರೆ ಮೊದಲನೆಯದರಿಂದ ಪಿಸ್ಟನ್ನಿನ ಹೊರದೂಡುವ ಕೆಲಸದಲ್ಲಿ ಸುಮಾರು 6 ಅಶ್ವಶಕ್ತಿ ಉಳಿಯುತ್ತದೆ, ಎರಡನೆಯದರಿಂದ ಒಂದೂವರೆಗಿಂತ ಹೆಚ್ಚಿಲ್ಲ. 400 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಒಂದೂವರೆ ಅಶ್ವಶಕ್ತಿ ಚಾಲಕನ ಅನುಭವಕ್ಕೆ ಬರುವಂಥದಲ್ಲ.

ಆಯ್ಕೆ

ಈ ಕಾರಣದಿಂದ ಕಾರ್ಖಾನೆಯ ಮಟ್ಟದ ಶಕ್ತಿಯಲ್ಲೋ ಅದಕ್ಕಿಂತ ತುಸು ಹೆಚ್ಚಿಗೆಯಲ್ಲೋ ಓಡುವ 6ರಿಂದ 7 ಲೀಟರ್ ಎಂಜಿನ್ನಿಗೆ 4 ಇಂಚು ಸಾಕು. ದೊಡ್ಡ ಟರ್ಬೋಚಾರ್ಜರ್ ಮತ್ತು ಹೆಚ್ಚಿನ ಇಂಧನದೊಂದಿಗೆ ಸ್ಪರ್ಧೆಗಾಗಿ ಶಕ್ತಿಯನ್ನು ಬಹಳವಾಗಿ ಏರಿಸಿದ ಎಂಜಿನ್ನುಗಳಲ್ಲಿ 5 ಇಂಚಿಗೆ ಅರ್ಥವಿದೆ. ಹರಿವು ಇಮ್ಮಡಿಯಾದರೆ ನಷ್ಟ ನಾಲ್ಮಡಿಯಾಗುವುದೇ ಅದಕ್ಕೆ ಕಾರಣ.

ವ್ಯಾಸದಷ್ಟೇ ಮುಖ್ಯವಾದುದು ಬಾಗಿಸಿದ ರೀತಿ. ಒಳಗೆ ಆಧಾರದ ಅಚ್ಚು ಇಟ್ಟು ಬಾಗಿಸಿದ ಕೊಳವೆ ತಿರುವಿನಲ್ಲಿಯೂ ದುಂಡಗೆ ಉಳಿಯುತ್ತದೆ. ಬರಿದೇ ಒತ್ತಿ ಬಾಗಿಸಿದರೆ ತಿರುವು ಚಪ್ಪಟೆಯಾಗಿ, ಕೊಂಡದ್ದು 4 ಇಂಚಿನ ಕೊಳವೆಯಾದರೂ ಅಲ್ಲಿ ಅದು ಚಿಕ್ಕ ಕೊಳವೆಯಂತೆ ವರ್ತಿಸುತ್ತದೆ. ಟರ್ಬೋಚಾರ್ಜರ್‌ನ ಹೊರಬಾಯಿಗೆ ಸೇರುವ ಮೊದಲ ತುಂಡು ಇಕ್ಕಟ್ಟಾಗಿದ್ದರೆ ಹಿಂದಿನ ಕೊಳವೆಯನ್ನು ಎಷ್ಟು ಅಗಲಿಸಿದರೂ ಪ್ರಯೋಜನ ಅಲ್ಪ. ಕೊನೆಯಲ್ಲಿ ಅಳವಡಿಸುವ 6 ಅಥವಾ 8 ಇಂಚಿನ ಹೊಳೆಯುವ ತುದಿ ಅಲಂಕಾರವಷ್ಟೇ. ಊಹೆಗಿಂತ ಅಳತೆ ಒಳ್ಳೆಯದು: ಟರ್ಬೈನಿನ ಹಿಂದೆ ಒತ್ತಡಮಾಪಕ ಜೋಡಿಸಿ ಪೂರ್ಣ ಭಾರದಲ್ಲಿ ನೋಡಿದರೆ ಕೊಳವೆ ನಿಜವಾಗಿ ಅಡ್ಡಿಯೇ ಎಂಬುದು ತಿಳಿಯುತ್ತದೆ.

ಅತಿ ಅಗಲವಾದ ಕೊಳವೆಗೆ ತನ್ನದೇ ತೊಡಕುಗಳಿವೆ. ತೂಕ ಮತ್ತು ಬೆಲೆ ಹೆಚ್ಚು. ಹಿಂದಿನ ಆಕ್ಸಲ್ಲಿನ ಮೇಲೆ ಹಾಯಿಸಲು ಜಾಗ ಸಾಲದೆ ಚಾಸಿಗೆ ತಗುಲುವುದುಂಟು. ಕೆಲವು ವೇಗಗಳಲ್ಲಿ ಕ್ಯಾಬಿನ್ನಿನೊಳಗೆ ಗುಂಯ್‌ಗುಡುವ ಶಬ್ದ ದೂರದ ಪ್ರಯಾಣದಲ್ಲಿ ಬೇಸರ ತರುತ್ತದೆ.

ಮಾಲಿನ್ಯ ನಿಯಂತ್ರಣ ಮತ್ತು ಕಾನೂನು

2007ರ ಆಸುಪಾಸಿನಿಂದ ಅಮೆರಿಕದ ಡೀಸೆಲ್ ಪಿಕಪ್‌ಗಳಲ್ಲಿ ಮಸಿಯನ್ನು ಹಿಡಿದಿಡುವ ಕಣ ಶೋಧಕ (ಡಿಪಿಎಫ್) ಇದೆ. 2010ರ ದಶಕದ ಆರಂಭದಿಂದ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಸೇರಿತು. ಇವು ಸರಿಯಾಗಿ ಕೆಲಸ ಮಾಡಲು ಶಾಖ ಬೇಕು. ಶೋಧಕದಲ್ಲಿ ತುಂಬಿದ ಮಸಿಯನ್ನು ಸುಟ್ಟು ಶುಚಿಗೊಳಿಸುವಾಗ ಅನಿಲದ ಉಷ್ಣತೆಯನ್ನು 600 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಏರಿಸಲಾಗುತ್ತದೆ. ಶೋಧಕಕ್ಕಿಂತ ಮೊದಲಿನ ಭಾಗದಲ್ಲಿ ಕೊಳವೆಯನ್ನು ಅಗಲಿಸಿದರೆ ಅನಿಲ ದಾರಿಯಲ್ಲೇ ಹೆಚ್ಚು ತಣಿಯುವುದರಿಂದ ಈ ಕ್ರಿಯೆಗೆ ಧಕ್ಕೆಯಾಗುತ್ತದೆ. ಹೀಗಾಗಿ ಇಂಥ ವಾಹನಗಳಲ್ಲಿ ಬದಲಿಸಬಹುದಾದದ್ದು ಶೋಧಕದ ನಂತರದ ಭಾಗ ಮಾತ್ರ. ಅದರಿಂದ ಶಬ್ದ ಬದಲಾಗುತ್ತದೆ. ಶಕ್ತಿಯ ಗಳಿಕೆ ಹೆಸರಿಗಷ್ಟೆ.

ಈ ಸಾಧನಗಳನ್ನೇ ಕಿತ್ತು ನೇರ ಕೊಳವೆ ಹಾಕುವ ಪರಿಪಾಟವೂ ಬೆಳೆದಿದೆ. ಅಮೆರಿಕದ ಶುದ್ಧ ಗಾಳಿ ಕಾಯಿದೆಯ ಪ್ರಕಾರ ಇದು ಅಪರಾಧ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 2020ರ ನವೆಂಬರ್‌ನಲ್ಲಿ ನೀಡಿದ ವರದಿಯಲ್ಲಿ, ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ತೆಗೆಯಲಾಗಿದೆ ಎಂದು ಅಂದಾಜಿಸಿತು. ಆ ವಾಹನಗಳ ಆಯುಷ್ಯದಲ್ಲಿ 5.7 ಲಕ್ಷ ಟನ್ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್ ಮತ್ತು 5,000 ಟನ್ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ ಎಂಬುದು ಅದರ ಲೆಕ್ಕ.

ಭಾರತದಲ್ಲಿ

ಭಾರತದಲ್ಲಿ ಸರಕು ಸಾಗಿಸುವ ಪಿಕಪ್‌ಗಳ ಎಂಜಿನ್ನುಗಳು ಬಹಳ ಚಿಕ್ಕವು. 70ರಿಂದ 80 ಅಶ್ವಶಕ್ತಿಯ ಎಂಜಿನ್ನಿನ ಹರಿವು ಮೇಲಿನ ಉದಾಹರಣೆಯ ಐದನೆಯ ಒಂದು ಭಾಗದಷ್ಟು. ಅದಕ್ಕೆ 2 ಇಂಚಿನ ಆಸುಪಾಸಿನ ಕೊಳವೆ ಸಾಕಾಗುವುದರಿಂದ ಅಮೆರಿಕದ ಅಳತೆಗಳನ್ನು ಇಲ್ಲಿ ಅನುಸರಿಸುವುದು ನಿರರ್ಥಕ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಕಣ ಶೋಧಕ ಇರುವುದರಿಂದ ಶಾಖದ ಕುರಿತ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ 120ನೆಯ ನಿಯಮ ಸೈಲೆನ್ಸರ್ ಅನ್ನು ಕಡ್ಡಾಯಗೊಳಿಸಿದೆ.