ಪಂಜಾಬಿನ ಆತಿಥ್ಯ: ಊಟದ ಋಣ ಬೇರೆ, ಸರಕಿನ ಸಾಲ ಬೇರೆ

ಸೈಕಲ್ ಬಿಡಿಭಾಗ, ಉಣ್ಣೆಯ ಹೊಸೈರಿ, ಹೊಲಿಗೆ ಯಂತ್ರ, ಕ್ರೀಡಾ ಸಾಮಗ್ರಿಗಳ ವ್ಯಾಪಾರದಲ್ಲಿ ತೊಡಗಿರುವ ನಮ್ಮ ಸದಸ್ಯ ಬಾಂಧವರಿಗೆ ಪಂಜಾಬು ದೂರದ ರಾಜ್ಯವಾದರೂ ಅಪರಿಚಿತವಲ್ಲ. ಲುಧಿಯಾನಾ, ಜಲಂಧರ್‌ಗಳ ಬಿಲ್ಲುಗಳು ನಮ್ಮ ಕಡತಗಳಲ್ಲಿ ವರ್ಷವಿಡೀ ಕಾಣಸಿಗುತ್ತವೆ. ಆದರೆ ಆ ಬಿಲ್ಲಿನ ಹಿಂದಿರುವವರನ್ನು ಅವರ ಊರಿನಲ್ಲಿಯೇ ಕಂಡು, ಅವರ ಮನೆಯಲ್ಲಿ ಉಂಡು ಬಂದವರು ನಮ್ಮಲ್ಲಿ ಕಡಿಮೆ. ವೃತ್ತಿಯ ನಿಮಿತ್ತ ಕೆಲವು ಬಾರಿ ಅಲ್ಲಿಗೆ ಹೋಗಿ ಬಂದ ಅನುಭವದ ಆಧಾರದ ಮೇಲೆ, ಖರೀದಿಗೆಂದು ಹೊರಡುವವರಿಗೆ ಉಪಯುಕ್ತವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಪ್ರಸ್ತಾಪಿಸಿದ್ದೇನೆ.

ಬರಿಗೈಯಲ್ಲಿ ಬಂದವರ ಉದ್ಯಮ

ಪಂಜಾಬಿನ ಉದ್ಯಮಗಳ ಚರಿತ್ರೆಯನ್ನು 1947ರ ದೇಶವಿಭಜನೆಯಿಂದ ಬೇರ್ಪಡಿಸಿ ನೋಡಲಾಗದು. ಸಿಯಾಲ್‌ಕೋಟಿನ ಕ್ರೀಡಾ ಸಾಮಗ್ರಿ ತಯಾರಕರು ಗಡಿ ದಾಟಿ ಬಂದು ಜಲಂಧರ್‌ನಲ್ಲಿ ನೆಲೆಯೂರಿದರು. ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾ ಊರಿನ ಮುಂಜಾಲ್ ಸಹೋದರರು ಸೈಕಲ್ ಬಿಡಿಭಾಗಗಳ ವ್ಯಾಪಾರದಿಂದ ಮೇಲೆ ಬಂದು, 1956ರಲ್ಲಿ ಲುಧಿಯಾನಾದಲ್ಲಿ ಹೀರೋ ಸೈಕಲ್ಸ್ ಸ್ಥಾಪಿಸಿದರು. 1986ರಲ್ಲಿ ಅದು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಸಂಸ್ಥೆಯೆಂದು ಗಿನ್ನೆಸ್ ದಾಖಲೆಗೆ ಸೇರಿತು. ಮನೆಮಠ ಕಳೆದುಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ವ್ಯವಹಾರ ನಡೆಸುತ್ತಿದ್ದಾರೆ. ಹಸಿದು ಬಂದವನಿಗೆ ಒಂದು ಹೊತ್ತಿನ ಊಟವೆಂದರೇನು ಎಂಬುದನ್ನು ಅಂತಹ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಪಂಗತ್, ನಂತರ ಸಂಗತ್

ಈ ಗುಣದ ಮೂಲವನ್ನು ಕಾಣಬೇಕಾದರೆ ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ಕುಳಿತು ಉಣ್ಣಬೇಕು. ಗುರು ನಾನಕರು ಆರಂಭಿಸಿದ ಈ ಪದ್ಧತಿಯನ್ನು ಮೂರನೆಯ ಗುರು ಅಮರದಾಸರು ನಿಯಮವಾಗಿ ಬಲಪಡಿಸಿದರು: ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ಆಮೇಲೆ ಗುರುವಿನ ಸಭೆ. ದಾಸೋಹವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ನಮ್ಮ ಬೀದರಿನ ಗುರು ನಾನಕ್ ಝೀರಾ ಗುರುದ್ವಾರದಲ್ಲಿಯೂ ಇದೇ ಕ್ರಮವಿದೆ.

ಅಮೃತಸರದಲ್ಲಿ ದಿನಕ್ಕೆ 50,000ಕ್ಕೂ ಹೆಚ್ಚು ಜನ ಉಣ್ಣುತ್ತಾರೆ. ಹಬ್ಬದ ದಿನಗಳಲ್ಲಿ ಈ ಸಂಖ್ಯೆ ಲಕ್ಷ ದಾಟುತ್ತದೆ. ರೊಟ್ಟಿ ಬೇಯಿಸಲು ಯಂತ್ರಗಳೂ ಇವೆ, ಹಿಟ್ಟು ಲಟ್ಟಿಸುವ ನೂರಾರು ಕೈಗಳೂ ಇವೆ. ತಟ್ಟೆ ತೊಳೆಯುವವರು, ಚಪ್ಪಲಿ ಕಾಯುವವರು ಬಹುಪಾಲು ಸ್ವಯಂಸೇವಕರು. ಅವರಲ್ಲಿ ಕಾರ್ಖಾನೆಯ ಮಾಲೀಕನಾರು, ಕೂಲಿಯವನಾರು ಎಂದು ಗುರುತಿಸುವುದು ಕಷ್ಟ. ಗಳಿಕೆಯ ಹತ್ತನೆಯ ಒಂದು ಭಾಗವನ್ನು ಧರ್ಮಕಾರ್ಯಕ್ಕೆ ಮೀಸಲಿಡುವ ‘ದಸ್ವಂಧ್’ ಪದ್ಧತಿ ಈ ವ್ಯವಸ್ಥೆಗೆ ಆಧಾರ. 2017ರಲ್ಲಿ ಜಿ.ಎಸ್.ಟಿ. ಜಾರಿಯಾದಾಗ ಲಂಗರಿಗೆ ಕೊಳ್ಳುವ ತುಪ್ಪ, ಸಕ್ಕರೆಗಳ ಮೇಲಿನ ತೆರಿಗೆಯ ಪ್ರಶ್ನೆ ಎದ್ದಿತು. ಅದರ ಫಲವಾಗಿ ಕೇಂದ್ರ ಸರ್ಕಾರವು 2018ರಲ್ಲಿ ‘ಸೇವಾ ಭೋಜ್’ ಯೋಜನೆಯನ್ನು ತಂದು, ಉಚಿತ ಅನ್ನದಾನ ನಡೆಸುವ ಎಲ್ಲ ಮತಗಳ ಸಂಸ್ಥೆಗಳಿಗೂ ತನ್ನ ಪಾಲಿನ ತೆರಿಗೆಯನ್ನು ಹಿಂದಿರುಗಿಸಲು ಅವಕಾಶ ಕಲ್ಪಿಸಿತು.

ಊಟದ ಮೊದಲು ಅತಿಥಿ, ನಂತರ ಗ್ರಾಹಕ

ಒಮ್ಮೆ ಜನವರಿಯಲ್ಲಿ ನಮ್ಮ ಜಿಲ್ಲೆಯ ಸೈಕಲ್ ವ್ಯಾಪಾರಿಯೊಬ್ಬರೊಡನೆ ಲುಧಿಯಾನಾಕ್ಕೆ ಹೋಗಿದ್ದೆ. ಪೆಡಲ್ ತಯಾರಿಸುವ ಸಣ್ಣ ಕಾರ್ಖಾನೆಯ ವೃದ್ಧ ಮಾಲೀಕರು ದರದ ಮಾತೆತ್ತಲು ಬಿಡಲಿಲ್ಲ. “ಊಟವಾಗುವವರೆಗೆ ನೀವು ನನ್ನ ಅತಿಥಿಗಳು, ಊಟವಾದ ಮೇಲೆ ಗ್ರಾಹಕರು” ಎಂದು ಕಾರ್ಖಾನೆಯ ಹಿಂಬದಿಯ ಮನೆಗೆ ಕರೆದೊಯ್ದರು. ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಸಾಗ್, ಅದರ ಮೇಲೆ ಕರಗುತ್ತಿರುವ ಬೆಣ್ಣೆ, ಮೂಲಂಗಿ, ಬೆಲ್ಲ, ಕೊನೆಗೆ ಕ್ಯಾರೆಟ್ ಹಲ್ವ. ‘ಸಾಕು’ ಎಂಬ ಮಾತಿಗೆ ಆ ಮನೆಯಲ್ಲಿ ಬೆಲೆಯಿರಲಿಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಾಗಲೇ ಬಡಿಸುವುದು ನಿಂತಿತು.

ಊಟದ ನಂತರ ಕಚೇರಿಗೆ ಬಂದರೆ ಅವರು ಬೇರೆಯೇ ವ್ಯಕ್ತಿ. ಜೊತೆಗೆ ಐವತ್ತು ಪೈಸೆಯ ವ್ಯತ್ಯಾಸಕ್ಕೆ ಒಂದು ಗಂಟೆ ಚರ್ಚೆ ನಡೆಯಿತು, ಅವರು ಕದಲಲಿಲ್ಲ. ಉತ್ತರದ ವ್ಯಾಪಾರಿಗಳಲ್ಲಿ ‘ಹಿಸಾಬ್ ಜೌ ಜೌ, ಬಕ್ಷೀಶ್ ಸೌ ಸೌ’ ಎಂಬ ಗಾದೆಯಿದೆ. ಲೆಕ್ಕವಾದರೆ ಒಂದೊಂದು ಜವೆಗೋಧಿಯ ಕಾಳಿಗೂ, ಕೊಡುಗೆಯಾದರೆ ನೂರು ನೂರಾಗಿ ಎಂದು ಅರ್ಥ. ಆ ದಿನ ಎರಡನ್ನೂ ಒಂದೇ ಸೂರಿನಡಿ ಕಂಡೆವು.

ದಾಕ್ಷಿಣ್ಯದ ಬೆಲೆ

ಸಮಸ್ಯೆಯಿದ್ದುದು ನಮ್ಮ ಕಡೆಯಲ್ಲಿ. ಎರಡು ತಿಂಗಳ ಹಿಂದೆ ಬಂದಿದ್ದ ಸರಕಿನಲ್ಲಿ 40 ಜೊತೆ ಪೆಡಲುಗಳ ಥ್ರೆಡ್ ಸರಿಯಿರಲಿಲ್ಲ. ಆ ಮಾತನ್ನು ಆಡಲೆಂದೇ ಬಂದಿದ್ದ ನಮ್ಮ ವ್ಯಾಪಾರಿಗಳು, ಊಟವಾದ ಮೇಲೆ “ಇವರ ಅನ್ನ ತಿಂದು ಹೇಗೆ ದೂರುವುದು ಸ್ವಾಮಿ?” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಒತ್ತಾಯಿಸಿದ ಮೇಲೆಯೇ ಬಾಯಿಬಿಟ್ಟರು. ಮಾಲೀಕರಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು. ಮೇಸ್ತ್ರಿಯನ್ನು ಕರೆಸಿ ಮಾದರಿಯನ್ನು ಪರೀಕ್ಷಿಸಿ, ಆಗಲೇ ಕ್ರೆಡಿಟ್ ನೋಟ್ ಬರೆಸಿದರು. “ಹೇಳದಿದ್ದರೆ ನನ್ನ ಯಂತ್ರ ಕೆಟ್ಟಿರುವುದು ನನಗೆ ತಿಳಿಯುವುದು ಹೇಗೆ? ಮುಂದೆ ಹದಿನೈದು ದಿನದೊಳಗೆ ಬರೆದು ಕಳುಹಿಸಿ” ಎಂದರು.

ಆ ಹದಿನೈದು ದಿನಗಳು ಅವರ ಕಲ್ಪನೆಯಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಪಡೆದ ಸರಕಿನ ಬಗ್ಗೆ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ಸರಕನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಲಿಖಿತ ಕರಾರಿದ್ದರೂ ಹಣ ಪಾವತಿಗೆ 45 ದಿನಗಳೇ ಗರಿಷ್ಠ ಮಿತಿ. ಕರಾರಿಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದುದರಿಂದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ದೂರನ್ನು ಮುಂದೂಡುವುದು, ‘ಪರಿಚಯದವರಲ್ಲವೇ’ ಎಂದು ಕರಾರು ಬರೆಸದಿರುವುದು, ಎರಡೂ ನಷ್ಟಕ್ಕೆ ದಾರಿ.

ಊಟದ ಋಣವನ್ನು ತೀರಿಸುವ ದಾರಿ ಬೇರೆಯೇ ಇದೆ. ಪಂಜಾಬಿನ ಮದುವೆಗಳಲ್ಲಿ ನೆಂಟರು ಕೊಟ್ಟ ಹಣವನ್ನು ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಸ್ವಲ್ಪ ಹೆಚ್ಚಿಸಿ ಹಿಂದಿರುಗಿಸುವ ಪದ್ಧತಿಯಿದೆ. ಇದು ನಮ್ಮ ಮುಯ್ಯಿಯೇ. ಆತಿಥ್ಯಕ್ಕೆ ಆತಿಥ್ಯವೇ ಮುಯ್ಯಿ. ಸರಕಿನ ದರದಲ್ಲಿ ಅದನ್ನು ತೀರಿಸುವ ಅಗತ್ಯವಿಲ್ಲ.

ಹೋಗುವವರಿಗೆ ಕೆಲವು ಸೂಚನೆಗಳು

ಸಸ್ಯಾಹಾರಿಗಳು ಅದನ್ನು ಮೊದಲೇ ತಿಳಿಸಬೇಕು. ರಸ್ತೆಯಲ್ಲಿ ‘ವೈಷ್ಣೋ ಢಾಬಾ’ ಎಂಬ ಫಲಕವಿರುವ ಕಡೆ ಉಣ್ಣಬಹುದು. ಸಾಸಿವೆ ಸೊಪ್ಪಿನ ಊಟ ಚಳಿಗಾಲದ್ದು. ಅಮೃತಸರದ ಕುಲ್ಚಾ, ಛೋಲೆ ಎಲ್ಲ ಕಾಲಕ್ಕೂ ದೊರೆಯುತ್ತವೆ. ಸಿಖ್ಖರ ಮನೆಗಳಲ್ಲಿ ಧೂಮಪಾನ ಸಲ್ಲದು. ಗುರುದ್ವಾರದೊಳಗೆ ತಲೆ ಮುಚ್ಚಿರಬೇಕು, ರೊಟ್ಟಿಯನ್ನು ಎರಡೂ ಕೈ ಚಾಚಿ ಸ್ವೀಕರಿಸಬೇಕು, ತಟ್ಟೆಯಲ್ಲಿ ಆಹಾರ ಬಿಡಬಾರದು. ಬರಿಗೈಯಲ್ಲಿ ಹೋಗದೆ ಮೈಸೂರು ಪಾಕ್, ಕಾಫಿಪುಡಿ ಅಥವಾ ಗಂಧದ ಸಾಬೂನು ಒಯ್ದರೆ ಮನೆಮಂದಿಗೆ ಸಂತೋಷ. ಪಂಜಾಬಿನ ವ್ಯಾಪಾರಿ ನಮ್ಮ ಊರಿಗೆ ಬಂದಾಗ ಅವರನ್ನು ಹೋಟೆಲಿಗೆ ಕಳುಹಿಸದೆ ಮನೆಯಲ್ಲಿ ಎಲೆ ಹಾಕಿ ಬಡಿಸೋಣ. ಊಟವಾದ ಮೇಲೆ ಲೆಕ್ಕದ ಪುಸ್ತಕವನ್ನು ಸಂಕೋಚವಿಲ್ಲದೆ ತೆರೆಯೋಣ.